ಮಳೆ ಬಿಡುವವರೆಗೆ ಮಾತ್ರ

ಜನ ಹೆಚ್ಚದ ಜಿಲ್ಲೆಯಲ್ಲಿ ಬಾಡಿಗೆ ಯಾಕೆ ಏರುತ್ತದೆ? ಮಡಿಕೇರಿಯ ಮೆಟ್ಟಿಲುಗಳನ್ನು ಹತ್ತಿಳಿದು ಮನೆ ಹುಡುಕಿದವರಿಗೆ ಸಿಗುವ ಲೆಕ್ಕ ಇದು.

ಜೂನ್ ತಿಂಗಳ ಕೊನೆ. ಮಹದೇವಪೇಟೆಯ ಹಿಂಭಾಗದ ಇಳಿಜಾರಿನಲ್ಲಿ ಪಾಚಿ ಕಟ್ಟಿದ ಮೆಟ್ಟಿಲುಗಳನ್ನು ಗೋಡೆ ಹಿಡಿದುಕೊಂಡೇ ಇಳಿದು ಒಂದು ಮನೆ ನೋಡಿದೆ. ಎರಡು ಕೋಣೆ, ಕಿರಿದಾದ ಅಡುಗೆಮನೆ, ಹಿಂದೆ ಸೌದೆ ಒಲೆಯ ಬಚ್ಚಲು. ಮಳೆ ಬಡಿಯುವ ಕಡೆಯ ಗೋಡೆಗೆ ತಗಡಿನ ಶೀಟು ಹೊಡೆದಿದ್ದರು. ಬಾಡಿಗೆ ಪರವಾಗಿಲ್ಲ ಅನ್ನಿಸಿತು. ಮೆಟ್ಟಿಲಿನ ಪಾಚಿ ಸ್ವಲ್ಪ ಕೆರೆಸಿಕೊಡಬಹುದಾ ಎಂದು ಕೇಳಿದೆ. ‘ಮಳೆ ಬಿಡಲಿ, ನೋಡುವಾ’ ಅಂದರು ಮನೆಯೊಡತಿ. ಅಡ್ವಾನ್ಸ್ ಮಾತಿಗೆ ಬಂದಾಗ ಮೆಲ್ಲಗೆ ಇನ್ನೊಂದು ಶರತ್ತು ಹೊರಬಂತು. ‘ಮನೆ ಕೊಡೂದು ಮಳೆ ಬಿಡುವವರೆಗೆ ಮಾತ್ರ. ಸೆಪ್ಟೆಂಬರ್ ಕೊನೆಗೆ ಖಾಲಿ ಮಾಡ್ಬೇಕು. ದಸರಾದಿಂದ ನಮಗೆ ಗೆಸ್ಟ್ ಬರ್ತಾರೆ.’

ಅವರ ಮೇಲೆ ಸಿಟ್ಟು ಬರಲಿಲ್ಲ. ಲೆಕ್ಕ ಅವರ ಕಡೆಗಿತ್ತು. ಆದರೆ ಸಣ್ಣ ಊರಿನಲ್ಲಿ ಸಣ್ಣ ಖರ್ಚು ಎಂಬ ನಂಬಿಕೆಯನ್ನು ಹೊತ್ತುಕೊಂಡೇ ಘಟ್ಟ ಹತ್ತಿದವನಿಗೆ, ಮಳೆಗಾಲಕ್ಕೊಂದು ಬೇಸಿಗೆಗೊಂದು ಮನೆ ಹುಡುಕುವುದೂ ಇಲ್ಲಿನ ಜೀವನವೆಚ್ಚದ ಒಂದು ಬಾಬ್ತು ಎಂದು ಆ ದಿನ ತಿಳಿಯಿತು.

2011ರ ಜನಗಣತಿಯಲ್ಲಿ ಮಡಿಕೇರಿ ಪಟ್ಟಣದ ಜನಸಂಖ್ಯೆ 33,381. ಬೆಂಗಳೂರಿನ ಒಂದು ಬಡಾವಣೆಯಲ್ಲಿ ಇದಕ್ಕಿಂತ ಹೆಚ್ಚು ಜನ ಸಿಗುತ್ತಾರೆ. ಇಡೀ ಕೊಡಗು ಜಿಲ್ಲೆಯಲ್ಲಿ 2001ರಲ್ಲಿ 5,48,561 ಜನರಿದ್ದರು, 2011ರಲ್ಲಿ 5,54,519. ಹತ್ತು ವರ್ಷಕ್ಕೆ ಸೇರಿದವರು ಆರು ಸಾವಿರಕ್ಕೂ ಕಡಿಮೆ. ಓದಿದ ಮಕ್ಕಳು ಬೆಂಗಳೂರು, ಮೈಸೂರು, ಸೈನ್ಯ, ವಿದೇಶ ಎಂದು ಹೊರಟುಹೋಗುವ ಜಿಲ್ಲೆ ಇದು. ಜನ ಹೆಚ್ಚಿದರೆ ಬಾಡಿಗೆ ಏರುತ್ತದೆ ಎನ್ನುವುದು ಸಾಮಾನ್ಯ ತಿಳಿವಳಿಕೆ. ಇಲ್ಲಿ ಜನ ಹೆಚ್ಚಲಿಲ್ಲ, ಬಾಡಿಗೆ ಏರಿತು.

ರಾತ್ರಿಯ ದರ, ತಿಂಗಳ ದರ

ಮನೆಯೊಡತಿಯ ಲೆಕ್ಕವನ್ನೇ ಬಿಡಿಸಿ ನೋಡೋಣ. ಒಂದು ಮನೆಗೆ ತಿಂಗಳಿಗೆ 12 ಸಾವಿರ ಬಾಡಿಗೆ ಎಂದುಕೊಳ್ಳಿ. ಅದೇ ಮನೆಯನ್ನು ಪ್ರವಾಸಿಗಳಿಗೆ ರಾತ್ರಿಗೆ 3 ಸಾವಿರದಂತೆ ಕೊಟ್ಟರೆ ನಾಲ್ಕೇ ರಾತ್ರಿಗೆ ಅಷ್ಟು ಹಣ ಕೈಗೆ ಬರುತ್ತದೆ. ತಿಂಗಳಲ್ಲಿ ಶನಿವಾರಗಳೇ ನಾಲ್ಕಿರುತ್ತವೆ. ಹಾಸಿಗೆ ಒಗೆಯುವ, ಗುಡಿಸುವ, ಆ್ಯಪ್‌ನವರ ಕಮಿಷನ್ ಕಳೆಯುವ ತಾಪತ್ರಯ ಇದೆ, ನಿಜ. ಆದರೂ ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಹೊರಟ ಕಾರುಗಳ ಸಾಲು ಶನಿವಾರ ಬೆಳಿಗ್ಗೆ ರಾಜಾಸೀಟಿನ ರಸ್ತೆಯನ್ನು ತುಂಬಿಕೊಳ್ಳುವುದನ್ನು ವಾರವಾರವೂ ನೋಡುವ ಮನೆಮಾಲೀಕರಿಗೆ, ವರ್ಷಪೂರ್ತಿ ಇರುವ ಬಾಡಿಗೆದಾರ ನಷ್ಟದ ಬಾಬ್ತಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ.

ಹೋಂಸ್ಟೇ ಕೊಡಗಿಗೆ ಬಂದದ್ದು ಕಷ್ಟಕಾಲದಲ್ಲಿ. 2001ರ ಸುಮಾರಿಗೆ ಕಾಫಿ ಬೆಲೆ ನೆಲ ಕಚ್ಚಿದಾಗ, ತೋಟದ ದೊಡ್ಡ ಮನೆಗಳಲ್ಲಿ ಖಾಲಿ ಬಿದ್ದಿದ್ದ ಕೋಣೆಗಳು ಅತಿಥಿಗಳಿಗೆ ತೆರೆದುಕೊಂಡವು. ಮನೆಯವರೇ ಅಡುಗೆ ಮಾಡಿ, ಕಡಂಬಿಟ್ಟು ಪಂದಿಕರಿ ಬಡಿಸಿ, ತೋಟ ಸುತ್ತಿಸಿ ಕಳಿಸುತ್ತಿದ್ದರು. ಹೆಸರಿನಲ್ಲಿದ್ದ ‘ಹೋಂ’ಗೆ ಆಗ ಅರ್ಥವಿತ್ತು. ಮನೆಯವರು ಇರುವ ಮನೆಯಲ್ಲಿ ಒಂದೆರಡು ಕೋಣೆ ಅತಿಥಿಗಳಿಗೆ ಹೋದರೆ ಊರಿನ ಬಾಡಿಗೆ ಮನೆಗಳ ಸಂಖ್ಯೆ ಕಡಿಮೆಯಾಗುವುದಿಲ್ಲ. ಬರಬರುತ್ತ ಆ ಪದ್ಧತಿ ತೋಟದಿಂದ ಪೇಟೆಗೆ ಇಳಿಯಿತು. ಮಾಲೀಕರೇ ಇಲ್ಲದ ಮನೆ, ಮಹಡಿ ಮೇಲಿನ ಪೋರ್ಷನ್, ಕೊನೆಗೆ ನೌಕರರೂ ವಿದ್ಯಾರ್ಥಿಗಳೂ ಇರುತ್ತಿದ್ದ ಔಟ್‌ಹೌಸ್ ಎಲ್ಲವೂ ‘ಸ್ಟೇ’ ಆದವು. ಊರಿಗೆ ಪೆಟ್ಟು ಬಿದ್ದದ್ದು ಈ ಎರಡನೆಯ ಬಗೆಯಿಂದ.

ಜಗತ್ತಿನ ದೊಡ್ಡ ಊರುಗಳೂ ಇದೇ ಗಂಟನ್ನು ಬಿಚ್ಚಲು ಹೆಣಗುತ್ತಿವೆ. ನ್ಯೂಯಾರ್ಕ್ ನಗರ 2023ರ ಸೆಪ್ಟೆಂಬರಿನಿಂದ ಅಲ್ಪಾವಧಿ ಬಾಡಿಗೆಗೆ ನೋಂದಣಿ ಕಡ್ಡಾಯ ಮಾಡಿತು. ಮನೆಯವರು ಅದೇ ಮನೆಯಲ್ಲಿ ಇರಬೇಕು, ಅತಿಥಿಗಳು ಇಬ್ಬರನ್ನು ಮೀರಬಾರದು. ಬಾರ್ಸಿಲೋನಾ ನಗರದ ಆಡಳಿತ ಇನ್ನೂ ಮುಂದೆ ಹೋಗಿ, ಪ್ರವಾಸಿಗಳಿಗೆಂದೇ ಪರವಾನಗಿ ಪಡೆದ ಹತ್ತು ಸಾವಿರಕ್ಕೂ ಹೆಚ್ಚು ಫ್ಲ್ಯಾಟುಗಳ ಪರವಾನಗಿಯನ್ನು 2028ರ ಕೊನೆಯೊಳಗೆ ನಿಲ್ಲಿಸುವುದಾಗಿ 2024ರಲ್ಲಿ ಹೇಳಿತು. ಆ ಊರುಗಳಲ್ಲಿ ಲಕ್ಷಗಟ್ಟಲೆ ಮನೆಗಳಿವೆ. ಮೂವತ್ತಮೂರು ಸಾವಿರ ಜನರ ಮಡಿಕೇರಿಯಲ್ಲಿ ನೂರು ಮನೆ ಕೈಬಿಟ್ಟರೂ ಹೊಸದಾಗಿ ವರ್ಗವಾಗಿ ಬಂದ ಮೇಷ್ಟರಿಗೆ ಗೊತ್ತಾಗುತ್ತದೆ.

ತಲೆ ಎಣಿಸುವ ಪಟ್ಟಿ

ಆ ಮೇಷ್ಟರ ಸಂಬಳದ ಚೀಟಿಯನ್ನೇ ನೋಡಿ. ರಾಜ್ಯದ 7ನೇ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ಸರ್ಕಾರಿ ನೌಕರರ ಕನಿಷ್ಠ ಮೂಲವೇತನ 17 ಸಾವಿರದಿಂದ 27 ಸಾವಿರಕ್ಕೆ ಏರಿತು. ಮನೆ ಬಾಡಿಗೆ ಭತ್ಯೆಗೆ ಊರುಗಳನ್ನು ಜನಸಂಖ್ಯೆಯ ಮೇಲೆ ಮೂರು ವರ್ಗ ಮಾಡಿದ್ದಾರೆ. ಬೆಂಗಳೂರಿನಂಥ ಊರಿಗೆ ಮೂಲವೇತನದ ಶೇ 20, ಮೈಸೂರಿನಂಥ 5 ಲಕ್ಷ ಮೀರಿದ ಊರಿಗೆ ಶೇ 15, ಉಳಿದ ಎಲ್ಲ ಊರುಗಳಿಗೆ ಶೇ 7.5. ಮಡಿಕೇರಿ ‘ಉಳಿದ’ ಊರು. 27 ಸಾವಿರ ಮೂಲವೇತನದವರಿಗೆ ಬೆಂಗಳೂರಿನಲ್ಲಿ 5,400 ರೂಪಾಯಿ, ಮೈಸೂರಿನಲ್ಲಿ 4,050, ಮಡಿಕೇರಿಯಲ್ಲಿ 2,025. ಕೊಡಗಿನ ಎಲ್ಲ ತಾಲ್ಲೂಕುಗಳನ್ನೂ ಸೇರಿಸಿ ಒಂದೇ ನಗರವೆಂದು ಘೋಷಿಸಿದರೆ, ಆಗ ಮಾತ್ರ ನಾವು 5 ಲಕ್ಷದ ಗೆರೆಯನ್ನು ಕೂದಲೆಳೆಯಲ್ಲಿ ದಾಟಿಯೇವು!

ಇಲ್ಲಿ ಮನೆ ಬಾಡಿಗೆಗೆ ಎಷ್ಟು ಬೇಕು ಎನ್ನುವುದು ಸರ್ಕಾರಕ್ಕೆ ಗೊತ್ತಿಲ್ಲವೆಂದಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದು ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರ, ಜೋಡುಪಾಲದ ಕಡೆ ಮನೆಗಳು ನೆಲಸಮವಾದಾಗ, ಮಡಿಕೇರಿ ಪಟ್ಟಣದೊಳಗೇ ಇಂದಿರಾನಗರ, ಚಾಮುಂಡೇಶ್ವರಿ ನಗರಗಳಲ್ಲಿ ಬರೆ, ಅಂದರೆ ಮನೆಯ ಹಿಂದಿನ ಗುಡ್ಡದ ಕಡಿದಾದ ಅಂಚು, ಕುಸಿದಾಗ, ಮನೆ ಕಳೆದುಕೊಂಡ ಕುಟುಂಬಗಳಿಗೆ ಹೊಸ ಮನೆ ಸಿಗುವವರೆಗೆ ತಿಂಗಳಿಗೆ 10 ಸಾವಿರ ರೂಪಾಯಿ ಬಾಡಿಗೆ ಹಣ ನಿಗದಿಯಾಯಿತು. ಒಂದು ಕುಟುಂಬ ಮಾನವಾಗಿ ಇರಲು ಇಷ್ಟು ಬೇಕು ಎಂದು ಆಪತ್ತಿನಲ್ಲಿ ಒಪ್ಪಿಕೊಂಡ ಮೊತ್ತ ಅದು. ಸಂಬಳದ ಪಟ್ಟಿಯಲ್ಲಿ ಅದೇ ಊರು, ಆರು ವರ್ಷದ ನಂತರವೂ, 2,025.

ನೌಕರರಿಗೆ ಕೊನೆಗೆ ಸಂಬಳವಾದರೂ ಇದೆ. ಬಟ್ಟೆ ಅಂಗಡಿಯ ಹುಡುಗಿ, ಖಾಸಗಿ ಶಾಲೆಯ ಟೀಚರ್, ಹೋಟೆಲಿನ ಸಪ್ಲೈಯರ್, ಜೀಪಿನ ಡ್ರೈವರ್ ಇವರಿಗೆ ಭತ್ಯೆಯ ಪಟ್ಟಿಯೇ ಇಲ್ಲ. ಪ್ರವಾಸಿಗಳನ್ನು ನಂಬಿ ಬದುಕುವವರೇ ಪ್ರವಾಸಿಗಳ ದರಕ್ಕೆ ಹೆದರಿ ಪೇಟೆಯಿಂದ ದೂರ ದೂರ ಸರಿಯುತ್ತಿದ್ದಾರೆ.

ಗುಡ್ಡ ಕೊರೆದ ಅಂಗಳ

ಬೇಡಿಕೆ ಇದ್ದರೆ ಮನೆ ಕಟ್ಟಬಹುದಲ್ಲ ಎನ್ನುವವರು ಒಮ್ಮೆ ಮಡಿಕೇರಿಯ ನಕ್ಷೆಯನ್ನು ಕೈಯಲ್ಲಿ ಹಿಡಿದು ನಡೆದು ನೋಡಬೇಕು. 1681ರಲ್ಲಿ ಹಾಲೇರಿ ವಂಶದ ಮುದ್ದುರಾಜ ಕೋಟೆಗೆ ಆರಿಸಿದ ಈ ಜಾಗದ ಸುತ್ತ ಗುಡ್ಡ, ಶತ್ರು ಸುಲಭಕ್ಕೆ ಹತ್ತಲಾರ. ಮುದ್ದುರಾಜನ ಕೇರಿಯಲ್ಲಿ ಈಗ ಸಿಮೆಂಟಿನ ಲಾರಿಯೂ ಸಲೀಸಾಗಿ ಹತ್ತಲಾರದು. ಸಪಾಟು ನೆಲವೇ ಅಪರೂಪ. ಮನೆ ಕಟ್ಟಬೇಕಾದರೆ ಮೊದಲು ಜೆಸಿಬಿ ತಂದು ಬರೆ ಕಡಿಯಬೇಕು, ಕಡಿದ ಬರೆಗೆ ತಡೆಗೋಡೆ ಕಟ್ಟಬೇಕು, ಆಮೇಲೆ ಪಾಯ. ಬಯಲುಸೀಮೆಯಲ್ಲಿ ಅರ್ಧ ಮನೆ ಏಳುವಷ್ಟು ಹಣ ಇಲ್ಲಿ ಅಂಗಳಕ್ಕೇ ಮುಗಿಯುತ್ತದೆ. ಜಿಲ್ಲೆಯಲ್ಲಿ ರೈಲು ಹಳಿ ಇಲ್ಲ. ಮರಳು, ಕಬ್ಬಿಣ, ಇಟ್ಟಿಗೆ ಎಲ್ಲವೂ ಕುಶಾಲನಗರದ ಕಡೆಯಿಂದಲೋ ಸಂಪಾಜೆ ಘಾಟಿಯಿಂದಲೋ ರಸ್ತೆಯಲ್ಲೇ ಏರಿ ಬರಬೇಕು.

2018 ಈ ಲೆಕ್ಕಕ್ಕೆ ಇನ್ನೊಂದು ಸಾಲು ಸೇರಿಸಿತು. ಕಡಿದ ಬರೆ ಎಂದರೆ ಎಲ್ಲರಿಗೂ ಭಯ. ಬಾಡಿಗೆಗೆ ಮನೆ ನೋಡುವವರು ಈಗ ಕೋಣೆ ನೋಡುವ ಮೊದಲು ಹಿತ್ತಿಲಿಗೆ ಹೋಗಿ ತಲೆಯೆತ್ತಿ ನೋಡುತ್ತಾರೆ. ‘ಬರೆ ಎಷ್ಟು ದೂರ?’ ಎನ್ನುವುದು ‘ನೀರು ಬರುತ್ತಾ?’ ಎನ್ನುವುದಕ್ಕಿಂತ ಮೊದಲಿನ ಪ್ರಶ್ನೆ. ಬರೆಯಿಂದ ದೂರ, ರಸ್ತೆಗೆ ಹತ್ತಿರ, ಮೆಟ್ಟಿಲು ಕಡಿಮೆ ಎಂಬ ಮೂರೂ ಇರುವ ಮನೆಯ ಬಾಡಿಗೆ ಬೇರೆ. ಅಂಥ ಮನೆಯ ಮೇಲೆ ಪ್ರವಾಸಿಗಳ ಕಣ್ಣೂ ಮೊದಲು ಬಿದ್ದಿರುತ್ತದೆ.

ಊರಿನ ಹೊರಗೆ ನೋಡಿದರೆ ತೋಟ, ಕಾಡು, ಗದ್ದೆ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆಯ ಪಹಣಿಯಲ್ಲಿ ಒಕ್ಕದ, ಅಂದರೆ ಕುಲದ, ಹಿರಿಯನಾದ ಪಟ್ಟೆದಾರನ ಹೆಸರು ಇರುತ್ತ ಬಂದಿದೆ, ಹಕ್ಕುದಾರರು ಹತ್ತಾರು. ಒಬ್ಬನೇ ಮಾರುವಂತಿಲ್ಲ, ಒಬ್ಬನ ಹೆಸರಿಗೆ ಬ್ಯಾಂಕ್ ಸಾಲವೂ ಸುಲಭಕ್ಕೆ ಸಿಗುವುದಿಲ್ಲ. ಜಮೀನು ಪೇಟೆಗೆ ಸರಕಾಗದಂತೆ ಇದು ಒಂದು ರೀತಿಯಲ್ಲಿ ಕೊಡಗನ್ನು ಕಾಯ್ದಿದೆ. ಆ ಕಾವಲಿನ ಬೆಲೆಯಲ್ಲಿ ಒಂದು ಪಾಲು ಪೇಟೆಯ ಬಾಡಿಗೆದಾರನ ಜೇಬಿನಿಂದ ಹೋಗುತ್ತದೆ.

ಮಳೆಯ ಪಾಲು

ಮಡಿಕೇರಿಯಲ್ಲಿ ಫ್ಯಾನು ಬೇಡ, ಏಸಿಯ ಮಾತೇ ಇಲ್ಲ. 2023ರ ಆಗಸ್ಟ್‌ನಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ತೂ ಬಂತು, ಬಾಡಿಗೆದಾರರಿಗೂ ಅದು ಸಲ್ಲುತ್ತದೆ. ಆದರೆ ಒಂದೇ ಮೀಟರಿನಲ್ಲಿ ಮೂರು ಪೋರ್ಷನ್ ಕಟ್ಟಿಕೊಟ್ಟಿರುವ ಮನೆಗಳಲ್ಲಿ ಮೂವರ ಗೀಸರ್ ಸೇರಿ ಆ ಮಿತಿ ತಿಂಗಳು ಮುಗಿಯುವ ಮೊದಲೇ ದಾಟಿರುತ್ತದೆ. ಆಮೇಲೆ ಬಿಲ್ಲನ್ನು ಮೂರು ಪಾಲು ಮಾಡುವ ಕೆಲಸ, ಅದರ ಹಿಂದೆಯೇ ಮನಸ್ತಾಪ.

ಉಳಿದ ಖರ್ಚು ಮಳೆಯದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ. ಹಿಂದೆ ಬಿದಿರಿನ ಬುಟ್ಟಿ ಕವುಚಿ ಹಾಕಿ, ಕೆಳಗೆ ಕೆಂಡ ಇಟ್ಟು ಮಕ್ಕಳ ಬಟ್ಟೆ ಒಣಗಿಸುತ್ತಿದ್ದರು. ಈಗ ಕೆಂಡದ ಬದಲು ಹೀಟರ್ ಬಂದಿದೆ. ಚರ್ಮದ ಚಪ್ಪಲಿ, ಬೆಲ್ಟು, ಮದುವೆಯ ಸೀರೆ, ಪುಸ್ತಕದ ಬೆನ್ನು ಎಲ್ಲದರ ಮೇಲೂ ಬೂಷ್ಟು ಬೆಳೆಯುತ್ತದೆ. ವರ್ಷಕ್ಕೊಂದು ಟಾರ್ಪಾಲು, ಮನೆಮಂದಿಗೆಲ್ಲ ಕೊಡೆ, ಗಂಬೂಟು, ಮಳೆಗೆ ಮುಂಚೆ ತುಂಬಿಡುವ ಸೌದೆ ಇವೆಲ್ಲ ಇಲ್ಲಿ ದಿನಸಿಯಷ್ಟೇ ಖಾಯಂ ಬಾಬ್ತು. ವಿಚಿತ್ರವೆಂದರೆ ಇಷ್ಟು ಮಳೆ ಸುರಿಯುವ ಊರು ಏಪ್ರಿಲ್‌ನಲ್ಲಿ ನೀರಿಗೆ ಕಾಯುತ್ತದೆ. ಕೂಟುಹೊಳೆಯ ನೀರು ತಗ್ಗಿದರೆ ನಲ್ಲಿಗೆ ಸರದಿ, ಎತ್ತರದ ಬೀದಿಗಳಿಗೆ ಟ್ಯಾಂಕರ್. ಬಿದ್ದ ಮಳೆಯೆಲ್ಲ ಇಳಿಜಾರು ಹಿಡಿದು ಕೆಳಗಿನವರ ಊರಿಗೆ ಹೋಗಿರುತ್ತದೆ.

ಶುಕ್ರವಾರದ ಸಂತೆಗೆ ಹೋದರೆ ಇನ್ನೊಂದು ಸಂಗತಿ ಕಾಣುತ್ತದೆ. ಕಾಫಿ, ಕರಿಮೆಣಸು, ಏಲಕ್ಕಿ, ಕಿತ್ತಳೆ ಬೆಳೆಯುವ ಜಿಲ್ಲೆಗೆ ಟೊಮೆಟೊ, ಈರುಳ್ಳಿ, ಆಲೂಗಡ್ಡೆ ಬಯಲಿನಿಂದ ಲಾರಿ ಹತ್ತಿ ಬರಬೇಕು, ಮೀನು ಮಂಗಳೂರಿನಿಂದ. ಘಾಟಿ ಕುಸಿದ ದಿನ ಮೀನಿನ ದರ ಹೇಳುವವರೇ ಇರುವುದಿಲ್ಲ.

ಶಕ್ತಿ ಯೋಜನೆಯಲ್ಲಿ 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಕೊಡಗಿನ ಎಷ್ಟೋ ಹಳ್ಳಿಗಳಿಗೆ ಮಾತ್ರ ಇವತ್ತಿಗೂ ಓಡುವುದು ಖಾಸಗಿ ಬಸ್ಸು, ಅದಕ್ಕೆ ಟಿಕೆಟ್ ತೆಗೆಯಲೇಬೇಕು. ಪೇಟೆಯ ಬಾಡಿಗೆ ತಪ್ಪಿಸಲು ಹಳ್ಳಿಯಲ್ಲಿ ಉಳಿದವರು ಉಳಿಸಿದ ದುಡ್ಡಿನ ಒಂದು ಭಾಗವನ್ನು ಕಂಡಕ್ಟರ್ ಕೈಗೆ ಕೊಡುತ್ತಾರೆ.

ಇನ್ನು ಕಾಯಿಲೆ ಬಿದ್ದರೆ? 2016ರಲ್ಲಿ ಮಡಿಕೇರಿಗೆ ವೈದ್ಯಕೀಯ ಕಾಲೇಜು ಬಂತು. ಆದರೂ ಹೃದಯ, ಮಿದುಳು ಎಂದರೆ ಮೈಸೂರಿಗೋ ಮಂಗಳೂರಿಗೋ ನೂರು ಕಿಲೋಮೀಟರಿಗೂ ಹೆಚ್ಚಿನ ಓಟ ಎಂಬ ನೋವಿನಿಂದಲೇ 2019ರ ಜೂನ್‌ನಲ್ಲಿ ಕೊಡಗಿನ ಯುವಕರು ಸುಸಜ್ಜಿತ ತುರ್ತು ಆಸ್ಪತ್ರೆ ಬೇಕೆಂದು ಸಾಮಾಜಿಕ ಜಾಲತಾಣಗಳಲ್ಲಿ ಅಭಿಯಾನ ನಡೆಸಿದರು. ಮನೆಯ ಖರ್ಚು ಬರೆದಿಡುವ ಪುಸ್ತಕದಲ್ಲಿ ‘ಮೈಸೂರಿಗೆ ಕಾರು’ ಎಂಬ ಸಾಲು ಇಲ್ಲದ ಕುಟುಂಬ ಇಲ್ಲಿ ವಿರಳ.

ಕುಶಾಲನಗರಕ್ಕೆ ಇಳಿದವರು

ಹೀಗಾಗಿ ಮಡಿಕೇರಿಯಲ್ಲಿ ಕೆಲಸ ಇರುವ ಎಷ್ಟೋ ಜನ ಸುಮಾರು 30 ಕಿಲೋಮೀಟರ್ ಕೆಳಗಿನ ಕುಶಾಲನಗರದಲ್ಲಿ ಮನೆ ಮಾಡಿದ್ದಾರೆ. ಅಲ್ಲಿ ನೆಲ ಸಪಾಟು, ಮಳೆ ಕಡಿಮೆ, ಬಟ್ಟೆ ಒಣಗುತ್ತದೆ. ತರಕಾರಿ ಒಂದು ರೂಪಾಯಿ ಅಗ್ಗ. ಬೆಳಿಗ್ಗೆ ಮೈಸೂರಿನಿಂದ ಬರುವ ಬಸ್ಸಿಗೆ ಕಾದು ನಿಂತ ಗುಂಪಿನಲ್ಲಿ ಟಿಫನ್ ಬಾಕ್ಸ್ ಹಿಡಿದ ಗುಮಾಸ್ತರು, ನರ್ಸುಗಳು, ಕಾಲೇಜು ಹುಡುಗರು ಕಾಣುತ್ತಾರೆ. ಹೊಸ ಬಡಾವಣೆಗಳು ಎದ್ದದ್ದೂ ಅಲ್ಲೇ.

ಕಾವೇರಿ ಮಾತ್ರ ಈ ಲೆಕ್ಕಕ್ಕೆ ಸಿಗಲಿಲ್ಲ. 2018ರಲ್ಲೂ 2019ರಲ್ಲೂ ಹೊಳೆ ಉಕ್ಕಿ ಕುವೆಂಪು ಬಡಾವಣೆ, ಸಾಯಿ ಬಡಾವಣೆಗಳ ಮನೆಯೊಳಗೆ ನೀರು ನುಗ್ಗಿತು. ಮಡಿಕೇರಿಯಲ್ಲಿ ಬರೆ ನೋಡಿ ಮನೆ ಹಿಡಿಯುವಂತೆ ಇಲ್ಲಿ ಗೋಡೆಯ ಮೇಲಿನ ನೀರಿನ ಗೆರೆ ನೋಡಿ ಹಿಡಿಯಬೇಕು. ಸುಣ್ಣ ಹೊಸದಾಗಿದ್ದರೆ ಪಕ್ಕದ ಮನೆಯವರನ್ನು ಕೇಳಬೇಕು.

ಬಾಡಿಗೆ ಇಲ್ಲದ ಮನೆ

ಕೊಡಗಿನಲ್ಲಿ ಬಾಡಿಗೆಯೇ ಇಲ್ಲದ ಮನೆಗಳೂ ಸಾಲುಸಾಲಾಗಿ ಇವೆ. ತೋಟದ ಅಂಚಿನಲ್ಲಿ ಒಂದೇ ಮಾಡಿನ ಕೆಳಗೆ ಆರೋ ಎಂಟೋ ಬಾಗಿಲು, ಪ್ರತಿ ಬಾಗಿಲಿಗೆ ಒಂದು ಕೋಣೆ, ಒಂದು ಒಲೆಯ ಮೂಲೆ. ಇದು ಲೈನ್ ಮನೆ. ತೋಟದಲ್ಲೇ ನೆಲೆಸಿ ದುಡಿಯುವವರಿಗೆ ಮಾಲೀಕರು ಮನೆ ಕೊಡಬೇಕು ಎಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಯರವರು, ಕುರುಬರು, ಘಟ್ಟದ ಕೆಳಗಿನಿಂದ ಬಂದವರು ಇದ್ದ ಲೈನುಗಳಲ್ಲಿ ಈಗ ಅಸ್ಸಾಮಿನ ಮಾತು ಕೇಳುತ್ತದೆ.

ಇಲ್ಲಿ ತಿಂಗಳ ಬಾಡಿಗೆ ಸೊನ್ನೆ. ಆದರೆ ಕೆಲಸ ಹೋದ ದಿನವೇ ಮನೆಯೂ ಹೋಗುತ್ತದೆ. ಕೆಲಸ ನೋಡಿಕೊಳ್ಳುವ ರೈಟರ್ ಜೊತೆ ಮಾತು ಹೆಚ್ಚಾಯಿತು, ಕೂಲಿ ಜಾಸ್ತಿ ಕೇಳಿದೆ, ಬೆನ್ನು ಹಿಡಿದುಕೊಂಡು ಕೆಲಸಕ್ಕೆ ಹೋಗಲಾಗಲಿಲ್ಲ ಎಂದರೆ ಪಾತ್ರೆ ಪಡಗ ಅಂಗಳಕ್ಕೆ. ಲೈನಿನಿಂದ ಹೊರಬಂದವರೂ ಸೇರಿ ದಿಡ್ಡಳ್ಳಿಯಲ್ಲಿ ಕಟ್ಟಿಕೊಂಡಿದ್ದ 577 ಗುಡಿಸಲುಗಳನ್ನು 2016ರ ಡಿಸೆಂಬರಿನಲ್ಲಿ ಕೆಡವಿದಾಗ ಇವರಿಗೆ ನೆಲೆ ಎಲ್ಲಿ ಎಂದು ನಾಡೆಲ್ಲ ಕೇಳಿದ ಪ್ರಶ್ನೆಗೆ ಮೂಲ ಇಲ್ಲಿತ್ತು. ಆಮೇಲೆ ಆ ಕುಟುಂಬಗಳಿಗೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಕಟ್ಟಿಕೊಟ್ಟರು. 2024ರಲ್ಲಿ ರೊಬಸ್ಟಾ ಚೆರಿ 50 ಕಿಲೋ ಮೂಟೆಗೆ 10 ಸಾವಿರ ದಾಟಿ ತೋಟದವರ ಮುಖ ಅರಳಿದಾಗಲೂ ಲೈನಿನ ಕೋಣೆಗೆ ಇನ್ನೊಂದು ಕೋಣೆ ಸೇರಿದ್ದನ್ನು ನಾನು ಕಂಡಿಲ್ಲ.

ಕರಾರಿನಲ್ಲಿ ಇರುವುದು, ಇಲ್ಲದ್ದು

ಪೇಟೆಯ ಬಾಡಿಗೆದಾರನನ್ನು ಕಾಯುವ ಕಾನೂನು ಇಲ್ಲವೇ? ಇದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಕಾಯುವುದು ಸಣ್ಣ ಬಾಡಿಗೆಗಳನ್ನು. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಉಳಿದೆಡೆ 2,000 ರೂಪಾಯಿ ಮೀರಿದ ಮನೆಗಳು ಅದರ ವ್ಯಾಪ್ತಿಯ ಹೊರಗೆ. ಮಡಿಕೇರಿಯಲ್ಲಿ 2,000ಕ್ಕೆ ಮನೆ ಹುಡುಕಿದರೆ ಸಿಗುವುದು ಬೈಕ್ ನಿಲ್ಲಿಸುವ ಜಾಗ. ಉಳಿದವರಿಗೆ ಇರುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಬೇರೆ ಕರಾರಿಲ್ಲದ ತಿಂಗಳ ಬಾಡಿಗೆಗೆ ಅದು ಕೊಡಿಸುವುದು 15 ದಿನದ ನೋಟಿಸು. ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎನ್ನುತ್ತದೆ. ಆದರೆ ರಾಜ್ಯಗಳು ತಮ್ಮದಾಗಿ ಮಾಡಿಕೊಂಡರೆ ಮಾತ್ರ ಅದಕ್ಕೆ ಜೀವ.

ಎಲ್ಲರೂ ಮಾಡುವ 11 ತಿಂಗಳ ಕರಾರಿನ ಗುಟ್ಟೂ ಸರಳ. ಒಂದು ವರ್ಷ ಮೀರಿದ ಗುತ್ತಿಗೆಯಾದರೆ ನೋಂದಣಿ ಕಡ್ಡಾಯ, ಶುಲ್ಕ ಬೇರೆ. ಕೈಯಲ್ಲಿ ಇಡಿಗಂಟು ಇರುವವರು ಭೋಗ್ಯಕ್ಕೆ ಹಿಡಿಯುತ್ತಾರೆ. ದುಡ್ಡು ಓನರ್ ಬಳಿ, ಮನೆ ನಮ್ಮ ಬಳಿ, ಅವಧಿ ಮುಗಿದಾಗ ಅದಲುಬದಲು. ಭೋಗ್ಯದವರನ್ನು ದಸರಾಕ್ಕೆ ಏಳಿ ಎನ್ನುವಂತಿಲ್ಲವಾದ್ದರಿಂದ ಪೇಟೆಯಲ್ಲಿ ಅಂಥ ಮನೆ ಸಿಗುವುದೂ ಕಷ್ಟ.

ನನ್ನನ್ನು ಕೇಳಿದರೆ, ಕೊಡಗಿಗೆ ಬೇಕಾದ ನಿಯಮ ದೊಡ್ಡದೇನಲ್ಲ. ಮನೆಯವರು ಇರುವ ಮನೆಯನ್ನೇ ಹೋಂಸ್ಟೇ ಎನ್ನಬೇಕು. ಉಳಿದದ್ದನ್ನು ಲಾಡ್ಜ್ ಎಂದು ಕರೆದು, ಲಾಡ್ಜಿನ ತೆರಿಗೆ, ನೀರಿನ ದರ ಹಾಕಬೇಕು. ಆ ವ್ಯತ್ಯಾಸದಿಂದ ಬಂದ ಹಣದಲ್ಲಿ ನರ್ಸುಗಳಿಗೂ ಮೇಷ್ಟರಿಗೂ ಕ್ವಾರ್ಟರ್ಸ್ ಕಟ್ಟಬಹುದು. ಭತ್ಯೆಯ ಪಟ್ಟಿ ತಯಾರಿಸುವವರು ಊರಿನಲ್ಲಿ ನೆಲೆಸಿದವರ ತಲೆಯ ಜೊತೆಗೆ ಶನಿವಾರ ರಾತ್ರಿ ಆ ಊರಿನಲ್ಲಿ ಮಲಗಿದವರ ತಲೆಯನ್ನೂ ಎಣಿಸಬೇಕು.

ಕೊನೆಗೆ ನನಗೆ ಮನೆ ಸಿಕ್ಕಿತು, ದಾರಿ ಬೇರೆ. ಮಕ್ಕಳಿಬ್ಬರೂ ಹೊರಗಿರುವ ವಯಸ್ಸಾದ ದಂಪತಿ, ಕೆಳಗಿನ ಪೋರ್ಷನ್ ವರ್ಷಗಳಿಂದ ಬೀಗ ಹಾಕಿತ್ತು. ಗೆಸ್ಟುಗಳ ಗದ್ದಲ ಅವರಿಗೆ ಬೇಡ. ಬಾಡಿಗೆ ಪೇಟೆಗಿಂತ ಕಡಿಮೆಯೇ ಹೇಳಿದರು. ಕರಾರಿನಲ್ಲಿ ಬರೆಯದ ಶರತ್ತು ಒಂದೇ: ರಾತ್ರಿ ಕರೆಂಟು ಹೋಗಿ ಗಾಳಿ ಎದ್ದರೆ ಮೇಲೆ ಬಂದು ಕೂರಬೇಕು. ಹೀಗೆ ಬೀಗ ಹಾಕಿದ ಕೆಳಮಹಡಿಗಳು ಈ ಊರಿನಲ್ಲಿ ಇನ್ನೂ ಇವೆ. ಅವುಗಳ ಬಾಗಿಲಿಗೆ ‘ಟು ಲೆಟ್’ ಬೋರ್ಡು ಬೀಳುವುದಿಲ್ಲ, ಸಂತೆಯಲ್ಲಿ, ದೇವಸ್ಥಾನದಲ್ಲಿ, ಹಾಲಿನವನ ಬಾಯಲ್ಲಿ ಸುದ್ದಿ ಸಿಗಬೇಕು.

ದಸರಾ ವಾರದಲ್ಲಿ ಮಹದೇವಪೇಟೆಯ ಆ ಇಳಿಜಾರಿನಲ್ಲಿ ಹಾದುಹೋದೆ. ಬಿಸಿಲು ಬಿದ್ದಿತ್ತು. ಗೋಡೆಯ ತಗಡಿಗೆ ಹಸಿರು ಬಣ್ಣ ಬಳಿದು, ಮೇಲೆ ‘ವ್ಯೂ ಸ್ಟೇ’ ಎಂದು ಬರೆಸಿದ್ದರು. ಮೆಟ್ಟಿಲುಗಳನ್ನು ಒಂದೊಂದಾಗಿ ಕೆರೆದು ತೊಳೆದಿದ್ದರು, ಕಲ್ಲಿನ ಬಣ್ಣ ಕಾಣುತ್ತಿತ್ತು. ಬೆಂಗಳೂರಿನ ಜೋಡಿಯೊಂದು ಚಕ್ರದ ಸೂಟ್‌ಕೇಸನ್ನು ಎತ್ತಿಕೊಂಡು, ಗೋಡೆ ಹಿಡಿಯದೆ, ಮಾತಾಡಿಕೊಂಡು ಇಳಿಯುತ್ತಿತ್ತು.